ವಿಷ ಉಣ್ಣುವವಕ್ಕೆ ಮದುವೆಯ ಊಟ

ಹಸಿದವರನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ದೊಡ್ಡ ಗುಣವೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಈ ಗುಣದ ದೆಸೆಯಿಂದಲೇ ನಾನು ಒಬ್ಬರ ವರ್ಷಗಟ್ಟಲೆಯ ಕೆಲಸವನ್ನು ವಾರದೊಳಗೆ ಹಾಳು ಮಾಡಿದೆ. ಹಸಿದವರು ಅಂದರೆ ಮನುಷ್ಯರಲ್ಲ, ದನಕರುಗಳೂ ಅಲ್ಲ, ಬ್ಯಾಕ್ಟೀರಿಯಾ. ಗಾಜಿನ ಫ್ಲಾಸ್ಕಿನೊಳಗಿನ ಬ್ಯಾಕ್ಟೀರಿಯಾವನ್ನು ನೋಡಿ ಕರುಳು ಚುರ್ರೆಂದು, ಹೊಟ್ಟೆತುಂಬ ಊಟ ಹಾಕಿದ ಮೂರ್ಖ ಆದೋನಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಇನ್ನೊಬ್ಬನಿದ್ದರೆ ದಯವಿಟ್ಟು ಮುಂದೆ ಬರಲಿ, ನನಗೂ ಜೊತೆ ಸಿಕ್ಕಂತಾಗುತ್ತದೆ.

ನಮ್ಮ ಲ್ಯಾಬು ಕಾಲೇಜಿನ ಮೇಲ್ಮಹಡಿಯಲ್ಲಿದೆ. ಹಿಂದೆಯೇ ಜಿನ್ನಿಂಗ್ ಮಿಲ್ಲು. ಹತ್ತಿ ಬರಲು ಶುರುವಾದರೆ ಸಾಕು, ಎಳೆಗಳು ಗಾಳಿಯಲ್ಲಿ ತೇಲುತ್ತಾ ಬರುತ್ತವೆ, ಯಾವುದಕ್ಕೂ ಅವಸರವಿಲ್ಲ. ಕಿಟಕಿ ಮುಚ್ಚಿದರೂ ಎಲ್ಲಿಂದಲೋ ನುಸುಳಿ, ಮಧ್ಯಾಹ್ನದ ಬಿಸಿಲುಕೋಲಿನಲ್ಲಿ ಏರುತ್ತಾ ಇಳಿಯುತ್ತಾ, ಕೊನೆಗೆ ಯಾರದಾದರೂ ತಲೆಯ ಮೇಲೆ ಕೂರುತ್ತವೆ. ಆ ದಿನಗಳಲ್ಲಿ ನಾವೆಲ್ಲ ಕೊಂಚ ಮುದುಕರಂತೆ ಕಾಣುತ್ತೇವೆ. ಕೆಳಗೆ ಲಾರಿಗಳು, ಹಮಾಲರ ಕೂಗು, ತೆಲುಗು ಕನ್ನಡ ದಖನಿ ಮೂರನ್ನೂ ಒಂದೇ ಹತ್ತಿಯ ಅಂಡಿಗೆಗೆ, ಅಂದರೆ ಚೀಲಕ್ಕೆ, ತುಂಬಿ ತುಳಿದಂಥ ಗದ್ದಲ. ಮೇಲೆ ಶೇಕರ್ ಯಂತ್ರ ಫ್ಲಾಸ್ಕುಗಳನ್ನು ತೊಟ್ಟಿಲಂತೆ ತೂಗುವ ಸದ್ದು. ಆ ಸದ್ದಿಗೆ ತೂಕಡಿಸದವನು ಮನುಷ್ಯನೇ ಅಲ್ಲ.

ಅಲ್ಲಿ ನಾನು ಪ್ರಾಜೆಕ್ಟ್ ಸಹಾಯಕ. ಗಾಜು ತೊಳೆಯುವುದು, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂಬ ಲೋಳೆ ಕರಗಿಸಿ ಪ್ಲೇಟು ಹಾಕುವುದು, ಹೊಲಕ್ಕೆ ಹೋಗಿ ಮಣ್ಣು ತರುವುದು ನನ್ನ ಕೆಲಸ. ಯಾರೂ ಹೇಳದೆ ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು, ಎಲ್ಲರ ದನಿ ತೆಗೆದು ಅಣಕಿಸುವುದು. ಪ್ರಾಜೆಕ್ಟಿನ ಮೇಡಂ ಕರ್ನೂಲಿನವರು. ಅವರ ಮಾತು ಕನ್ನಡದಲ್ಲಿ ಹೊರಟರೂ ತೆಲುಗಿನ 'ಕದಾ'ದಲ್ಲೇ, ಅಂದರೆ 'ಅಲ್ಲವೇ'ಯಲ್ಲೇ, ಹೋಗಿ ನಿಲ್ಲಬೇಕು. ಬಾಗಿಲ ಮರೆಯಿಂದ ನಾನು "ಇನ್ನೂ ಪ್ಲೇಟ್ ತೊಳೆದಿಲ್ಲ ಕದಾ" ಅಂದರೆ ಇಡೀ ಲ್ಯಾಬು ಎದ್ದು ನಿಲ್ಲುತ್ತಿತ್ತು. ಒಮ್ಮೆ ಮೇಡಂ ಕೂಡ ಎದ್ದು ನಿಂತಿದ್ದರು.

ನನಗೆ ದಕ್ಕದ ದನಿ ಒಂದೇ, ಅಕ್ಕನದು. ಅಕ್ಕ ಎಂದರೆ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ, ಪೆದ್ದಕಡುಬೂರಿನವಳು. ಮಾತು ಕಡಿಮೆ. ಆಡಿದರೂ ಅದಕ್ಕೆ ಏರಿಲ್ಲ, ಇಳಿಯಿಲ್ಲ. ಹಿಡಿಕೆಯಿಲ್ಲದ ಪಾತ್ರೆಯನ್ನು ಎಲ್ಲಿ ಹಿಡಿದು ಎತ್ತುವುದು? "ಅಲ್ಲಕ್ಕ, ನಾ ಏನಂತೀನಿ ಅಂದ್ರ, ದಿನಾ ಒಂದೀಟು ಮಾತಾಡು, ನನಗ ಪ್ರಾಕ್ಟೀಸ್ ಆಗ್ತತಿ" ಎಂದು ಬೇಡಿಕೊಂಡಿದ್ದೆ. ಆಕೆ ಪಿಪೆಟ್ಟಿನಿಂದ ಕಣ್ಣೆತ್ತದೆ "ಗಾಜು ತೊಳಿ" ಅಂದಳು. ಅಷ್ಟರಲ್ಲಿ ಏನು ಕಲಿಯಲು ಬರುತ್ತದೆ?

ಆಕೆಯ ಇಡೀ ಕೆಲಸ ನಿಂತದ್ದು ಒಂದು ಬ್ಯಾಕ್ಟೀರಿಯಾದ ಮೇಲೆ. ಅದು ಸಿಕ್ಕಿದ್ದು ನನ್ನೂರು ಪೆದ್ದಹರಿವಾಣಂನಲ್ಲಿ, ನಮ್ಮ ದೊಡ್ಡಮ್ಮನ ಹತ್ತಿ ಹೊಲದಲ್ಲಿ. ಹೊಲದ ಮೂಲೆಯಲ್ಲಿ ಒಂದು ಸಿಮೆಂಟ್ ತೊಟ್ಟಿ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಎಣ್ಣೆ ಹೊಡೆಯುವವರು ವರ್ಷಾನುಗಟ್ಟಲೆ ಆ ತೊಟ್ಟಿಯ ಬಳಿಯೇ ಕಲಸಿ, ಪಂಪು ತೊಳೆದು, ಅಲ್ಲೇ ಚೆಲ್ಲಿ, ಸುತ್ತ ಗರಿಕೆ ಕೂಡ ಹುಟ್ಟದ ಬೋಳು ಜಾಗವಾಗಿತ್ತು. ಅಂಥಲ್ಲಿ ಏನಾದರೂ ಬದುಕಿದ್ದರೆ ಅದು ವಿಷ ಉಂಡು ಅರಗಿಸಿಕೊಂಡದ್ದೇ ಇರಬೇಕು ಎಂಬುದು ಅಕ್ಕನ ಲೆಕ್ಕ. ಆ ಕರಿಮಣ್ಣನ್ನು ತಂದು ನೀರಿನಲ್ಲಿ ಕದಡಿ, ಒಂದಿಷ್ಟು ಲವಣ ಬಿಟ್ಟರೆ ತಿನ್ನಲು ವಿಷವೊಂದೇ ಇರುವ ಅಗರಿನ ಮೇಲೆ ಹರಡಿದಳು. ಹೆಚ್ಚಿನವು ಮೇಲೇಳಲೇ ಇಲ್ಲ. ಎದ್ದ ಒಂದರ ಸುತ್ತ ಹಳದಿ ಉಂಗುರ ಮೂಡಿತ್ತು. ಆ ವಿಷ ಮುರಿದಾಗ ಬರುವ ಬಣ್ಣ ಅದು. ಹತ್ತಿ ಹೂ ಅರಳಿದ ಮೊದಲ ಬೆಳಗಿನಲ್ಲಿ ಇರುವ, ಮಾರನೆಯ ದಿನಕ್ಕೆ ಕೆಂಪಾಗಿ ಕಳೆದುಹೋಗುವ ಎಳೆ ಹಳದಿ.

ಈ ವಿದ್ಯೆ ಇದ್ದದ್ದು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿ ಅಲ್ಲ, ಬೇರೆಯಾಗಿ ತೇಲಿಕೊಂಡಿರುವ ಇನ್ನೊಂದು ಪುಟ್ಟ ದುಂಡನೆಯ ಡಿಎನ್‌ಎಯಲ್ಲಿ. ಅದಕ್ಕೆ ಪ್ಲಾಸ್ಮಿಡ್ ಅನ್ನುತ್ತಾರೆ. ನಾನು ಬಳೆ ಅನ್ನುತ್ತೇನೆ. ಮಣ್ಣಿನ ಬ್ಯಾಕ್ಟೀರಿಯಾಗಳು ಇಂಥ ಬಳೆಗಳನ್ನು ನೆರೆಯವಕ್ಕೆ ಕೊಡುತ್ತವೆ, ಇಸಿದುಕೊಳ್ಳುತ್ತವೆ, ನಮ್ಮ ಸಂತೆಯಲ್ಲಿ ಒಂದು ಭಾಷೆಯ ಮಾತು ಇನ್ನೊಂದಕ್ಕೆ ದಾಟಿದಂತೆ. ಒಂದು ರೀತಿಯಲ್ಲಿ ನಾನೂ ಅದೇ ಜಾತಿಯವನು. ನನ್ನ ಬಾಯಲ್ಲಿರುವ ದನಿಗಳಲ್ಲಿ ನನ್ನದು ಯಾವುದೋ ನನಗೇ ತಿಳಿದಿರಲಿಲ್ಲ.

ಅಕ್ಕ ಮಾಡಬೇಕಾಗಿದ್ದ ಕೊನೆಯ ಕೆಲಸ ಇಷ್ಟು. ಆ ಬಳೆಯಿಂದ ವಿಷ ಮುರಿಯುವ ಜೀನನ್ನು ಕತ್ತರಿಸಬೇಕು. ಲ್ಯಾಬುಗಳಲ್ಲಿ ಬಳಸುವ ಇನ್ನೊಂದು ಬಳೆಗೆ ಅದನ್ನು ಬೆಸೆದು, ವಿಷದ ಮುಖವನ್ನೇ ಕಂಡಿರದ ಇ. ಕೋಲಿ ಎಂಬ ಸಾಕು ಬ್ಯಾಕ್ಟೀರಿಯಾಕ್ಕೆ ತೊಡಿಸಬೇಕು. ಇ. ಕೋಲಿಯೂ ಹಳದಿ ಉಂಗುರ ಎಬ್ಬಿಸಿದರೆ ಆ ಜೀನಿನ ಗುಣ ಅದೆಂದು ಸಾಬೀತಾಯಿತು, ಪ್ರಬಂಧದ ಕೊನೆಯ ಅಧ್ಯಾಯ ಮುಗಿಯಿತು. ಸಂಕ್ರಾಂತಿ ಕಳೆದ ಮೇಲೆ ವಿಶ್ವವಿದ್ಯಾಲಯದ ಸಮಿತಿ ನೋಡಲು ಬರುವುದಿತ್ತು. ಗಡುವು ಆಗಲೇ ಒಮ್ಮೆ ಮುಂದೆ ಹೋಗಿತ್ತು. "ಇನ್ನೊಂದ್ಸಲ ಕೇಳೋಕೆ ನನಗೆ ಮುಖ ಇಲ್ಲ ಕದಾ" ಅಂದಿದ್ದರು ಮೇಡಂ. ಹಳದಿ ಬರದಿದ್ದರೆ ಅಕ್ಕ ಪದವಿಯಿಲ್ಲದೆ ಊರಿಗೆ ಮರಳಬೇಕು. ಅಲ್ಲಿ ಆಕೆಯ ಅವ್ವ ಇನ್ನೂ ಕೂಲಿಗೆ ಹತ್ತಿ ಬಿಡಿಸಲು ಹೋಗುತ್ತಿದ್ದಳು.

ದೀಪಾವಳಿ ಹೊತ್ತಿಗೆ ಆ ಅವ್ವನಿಗೆ ಜ್ವರ ಬಂತು. ಅಕ್ಕ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಆಕೆಯ ಮಟ್ಟಿಗೆ ಭಾಷಣವೇ ಅನ್ನಬಹುದಾದಷ್ಟು ಮಾತಾಡಿದಳು.

"ದಿನ ಬಿಟ್ಟು ದಿನ ಹೊಸ ನೀರಿಗೆ ಹಾಕು. ವಿಷದ ನೀರಿಗೇ. ಬ್ಯಾರೆ ಏನೂ ಕೊಡಬ್ಯಾಡ."

"ಅಲ್ಲಕ್ಕ, ನಾ ಏನಂತೀನಿ ಅಂದ್ರ, ಹಬ್ಬದಾಗೂ ಅದನ್ನ?"

"ಹಬ್ಬದಾಗೂ ಅದನ್ನ."

ಮೊದಲ ದಿನ ಹೇಳಿದಂತೆ ಮಾಡಿದೆ. ಅವು ಬೆಳೆಯುವ ಚೆಂದ ನೋಡಬೇಕು. ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಅಕ್ಕಿ ತೊಳೆದ ಎರಡನೆಯ ನೀರಿನಷ್ಟೂ ಮಬ್ಬಿಲ್ಲ. ಪಕ್ಕದ ಕಪಾಟಿನಲ್ಲಿ ಈಸ್ಟು, ಮಾಂಸದ ಸಾರ ಎಲ್ಲ ಹಾಕಿದ ಬ್ರಾತಿನ ಬಾಟಲಿಗಳು ಸಾಲಾಗಿ ಕೂತಿದ್ದವು, ಕಂದು ಬಣ್ಣ, ಘಮ ಬೇರೆ. ನಮ್ಮ ಮನೆಯಲ್ಲಿ ಕುರಿ ವ್ಯಾಪಾರಕ್ಕೆ ಬಂದವನು ಜಗಳಾಡಿ ಎದ್ದು ಹೊರಟರೂ ರೊಟ್ಟಿ ತಿನ್ನಿಸದೆ ಕಳಿಸುವುದಿಲ್ಲ. ನನ್ನ ಬಾಯಿಂದ ತಾನಾಗಿಯೇ ನನ್ನ ಅವ್ವನ ದನಿ ಹೊರಟಿತು: "ಪಾಪ, ಎಷ್ಟು ಸೊರಗ್ಯಾವ, ಒಂದು ತುತ್ತು ಉಣ್ಣಲಿ ಬಿಡ." ಅವ್ವ ಹೇಳಿದ ಮೇಲೆ ಕೇಳದಿರುವುದು ಹೇಗೆ? ಬ್ರಾತಿಗೆ ಹಾಕಿಬಿಟ್ಟೆ.

ಮಾರನೆಯ ಬೆಳಿಗ್ಗೆ ಫ್ಲಾಸ್ಕು ಮಜ್ಜಿಗೆಯಾಗಿತ್ತು. ಅಷ್ಟು ದಟ್ಟ, ಅಷ್ಟು ತೃಪ್ತ. ಶೇಕರಿನಲ್ಲಿ ಅವು ಸುತ್ತುತ್ತಿದ್ದರೆ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಜಗಲಿಯ ಮೇಲೆ ಒರಗಿದವರ ಗುಜುಗುಜು ಕೇಳಿಸುವಂತಿತ್ತು. ದಿನ ಬಿಟ್ಟು ದಿನ ಮತ್ತೆ ಬ್ರಾತು, ಮತ್ತೆ ಮಜ್ಜಿಗೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದು ದಾರಿಯಿತ್ತು. ಫ್ರೀಜರಿನಲ್ಲಿ ಅದೇ ಬ್ಯಾಕ್ಟೀರಿಯಾವನ್ನು ಗ್ಲಿಸರಾಲ್ ಹಾಕಿ ಕಾಪಿಟ್ಟ ಅಕ್ಕನ ಹಳೆಯ ಟ್ಯೂಬುಗಳಿದ್ದವು. ತಳದಲ್ಲಿ ಒಂದು ಚಿಟಿಕೆ, ನೋಡಲು ಬಡಕಲು. ಆಕೆ ಬಂದಾಗ ಖುಷಿಪಡಲಿ ಎಂದು ಅವನ್ನೆಲ್ಲ ತೆಗೆದು ಆಟೋಕ್ಲೇವೆಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಎಸೆದು, ಜಾಗ ಒರೆಸಿ, ನನ್ನ ಮಜ್ಜಿಗೆಯ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿದೆ.

ಅಕ್ಕ ಬಂದಳು. ಫ್ಲಾಸ್ಕು ನೋಡಿದಳು. ಅಷ್ಟು ಬೆಳೆಯಲು ಅವು ಏನು ತಿಂದಿರಬೇಕೆಂದು ಆಗಲೇ ಗೊತ್ತಾಗಿರಬೇಕು. ಒಂದು ಹನಿ ತೆಗೆದು ವಿಷದ ಪ್ಲೇಟಿನ ಮೇಲೆ ಎಳೆದಳು. ಎಷ್ಟು ಕಾದರೂ ಹಳದಿ ಬರಲಿಲ್ಲ. ಕೋಶಗಳನ್ನು ಒಡೆದು ಒಳಗಿನ ಬಳೆಗಳನ್ನು ಬೇರ್ಪಡಿಸಿ ಜೆಲ್ಲೆಂಬ ಲೋಳೆಯ ಹಾಳೆಯಲ್ಲಿ ಕರೆಂಟು ಕೊಟ್ಟು ಓಡಿಸಿದಳು. ಆ ಜೆಲ್ಲನ್ನು ನೇರಳಾತೀತ ದೀಪದ ಮೇಲಿಟ್ಟು ಕನ್ನಡಕ ಹಾಕಿ ನೋಡಿದರೆ, ಡಿಎನ್‌ಎ ಇರುವಲ್ಲಿ ಕಿತ್ತಳೆ ಗೆರೆ ಹೊಳೆಯುತ್ತದೆ, ಕತ್ತಲ ಕೆರೆಯ ತಳದಲ್ಲಿ ದೀಪ ಇಟ್ಟಂತೆ. ಬಳೆಯ ಗೆರೆ ಇರಬೇಕಾದಲ್ಲಿ ಕತ್ತಲೆ ಮಾತ್ರ ಇತ್ತು.

ನಾನು ಅವ್ವನ ದನಿಯಲ್ಲಿ ಶುರು ಮಾಡಿದೆ. "ನೋಡವ್ವಾ, ಪಾಪದ ಹುಡುಗ, ಕರುಳು ತಡೀಲಿಲ್ಲ…"

"ನಿನ್ನ ದನ್ಯಾಗ ಹೇಳು."

ನನ್ನ ದನಿ ಹುಡುಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಹೇಳಿದೆ, ಫ್ರೀಜರಿನದೂ. ಆಕೆ ಸ್ಟೂಲಿನ ಮೇಲೆ ಕೂತು ಕೈಗವಸು ಕಳಚಿದಳು. ಒಂದೊಂದೇ ಬೆರಳಿನದು. ಬೈಯಲಿಲ್ಲ. ಬೈದಿದ್ದರೆ ಆ ದನಿಯನ್ನಾದರೂ ಕಲಿಯುತ್ತಿದ್ದೆ. ಬೈದವರು ಮೇಡಂ: "ಅದು ಬ್ಯಾಕ್ಟೀರಿಯಾ ಕದಾ. ಮನೆಗೆ ಬಂದ ಅಳಿಯ ಅಲ್ಲ ಕದಾ."

ಆದದ್ದನ್ನು ಅವರೇ ಬಿಡಿಸಿ ಹೇಳಿದರು. ವಿಷ ಇದ್ದರೆ ಮಾತ್ರ ಆ ಬಳೆಗೆ ಬೆಲೆ. ತಟ್ಟೆಯ ತುಂಬ ಅನ್ನವಿದ್ದರೆ ಅದೊಂದು ಭಾರ. ಕೋಶ ಒಡೆದು ಎರಡಾಗುವಾಗ ಯಾವುದೋ ಒಂದಕ್ಕೆ ಬಳೆ ಸಿಗದೆ ಹೋಗುತ್ತದೆ. ಅದಕ್ಕೆ ಹೊರೆಯಿಲ್ಲ, ಬೇಗ ಬೇಗ ಮರಿ ಹಾಕುತ್ತದೆ. ಬಳೆ ಹೊತ್ತವು ಹಿಂದೆ ಬೀಳುತ್ತವೆ. ನಾನು ಊಟ ಹಾಕಿ ಹಾಕಿ ಅವುಗಳ ವಿದ್ಯೆಯನ್ನು ಮರೆಸಿದ್ದೆ.

ಇನ್ನು ಉಳಿದದ್ದು ಮೂಲದ ಮಣ್ಣು. ಬಸ್ಸು ಹತ್ತಿ ಪೆದ್ದಹರಿವಾಣಂಗೆ ಹೋದೆವು. ದೊಡ್ಡಮ್ಮ ಹೊಲದಲ್ಲೇ ಇದ್ದಳು. ತೊಟ್ಟಿಯ ಹತ್ತಿರ ಹೋಗಿ ನೋಡಿದರೆ ಬೋಳು ಜಾಗವೇ ಇಲ್ಲ. ಹೊಸ ಮಣ್ಣು, ಅದರ ಮೇಲೆ ಕುರಿಹಿಕ್ಕೆ.

"ದೊಡ್ಡಮ್ಮ, ಇಲ್ಲಿ ಬೋಳು ಇತ್ತಲ್ಲ?"

"ತೆಗೆಸಿ ಹಾಕಿದೆ. ಕೆರಿ ಮಣ್ಣು ಹೊಡಿಸಿ ಮ್ಯಾಲ ಕುರಿ ತರುಬಿಸೀನಿ. ಈಗ ನೋಡು, ಹೆಂಗೈತಿ."

ಕುರಿ ತರುಬಿಸುವುದು ಎಂದರೆ ಕುರಿಗಾರರನ್ನು ಕರೆದು ಹಿಂಡನ್ನು ಹೊಲದಲ್ಲೇ ತಂಗಿಸುವುದು. ಗೊಬ್ಬರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನಮಗೆ ಮಾತ್ರ ಅದಕ್ಕಿಂತ ಕೆಟ್ಟದ್ದಿರಲಿಲ್ಲ.

"ಯಾಕ ತೆಗೆಸಿದಿ?"

"ಯಾಕ ಅಂತಾನ. ಮಣ್ಣು ಒಯ್ಯಾಕ ಬಂದಾಗ ನೀನ ಅಲ್ಲೇನೋ, ಆಫೀಸರ್ ದನಿ ತಗದು, 'ಏಮಮ್ಮಾ, ನೀ ಪೊಲಂ ಪಾಡೈಪೋಯಿಂದಿ, ಈ ಹೊಲ ಕೆಟ್ಟೈತಿ, ಇಲ್ಲಿ ಬೆಳದಿದ್ದು ಯಾರೂ ಕೊಳ್ಳಂಗಿಲ್ಲ' ಅಂದಿ. ಹತ್ತಿ ಬಿಡಿಸೋರೆಲ್ಲ ನಕ್ಕರು. ಓಣ್ಯಾಗ ಈಗೂ ಕೇಳ್ತಾರ, ನಿನ್ನ ಹೊಲ ಕೆಟ್ಟೈತಂತಲ್ಲ ಅಂತ. ನಾ ಎಷ್ಟು ಮಂದಿಗೆ ಹೇಳ್ಲಿ, ಅದು ನಮ್ಮ ಹುಡುಗನ ಹುಚ್ಚಾಟ ಅಂತ?"

ಅಂದು ಎಲ್ಲರೂ ನಕ್ಕದ್ದು ನೆನಪಿತ್ತು. ದೊಡ್ಡಮ್ಮನೂ ನಕ್ಕಳೋ ಇಲ್ಲವೋ ಎಂದು ನೋಡಿರಲಿಲ್ಲ.

"ತೆಗೆದ ಮಣ್ಣು ಏನು ಮಾಡಿದ್ರಿ?" ಅಕ್ಕ ಕೇಳಿದಳು.

"ದಾರಿ ಗುಂಡಿಗೆ ಹೊಡೆದ್ರವ್ವ. ಮಳಿ ಬಂತು, ಹೋತು."

ಅಕ್ಕ ಕುಳಿತು ಹೊಸ ಮಣ್ಣನ್ನು ಬೆರಳಿನಿಂದ ಕೆದಕಿದಳು. "ಆ ಮಣ್ಣು ಕೆಟ್ಟಿದ್ದಿಲ್ರಿ ದೊಡ್ಡಮ್ಮ. ಬಾಳ ಶ್ಯಾಣ್ಯಾ ಮಣ್ಣು ಇತ್ತು." ದೊಡ್ಡಮ್ಮ ನನ್ನ ಕಡೆ ನೋಡಿದಳು, ಇದೂ ಯಾರದಾದರೂ ದನಿಯೋ ಎಂಬಂತೆ.

ಅಲ್ಲಿಂದ ತಂದ ಮಣ್ಣು ಹರಡಿದ ಪ್ಲೇಟುಗಳಲ್ಲಿ ಏನೇನೋ ಎದ್ದವು, ಹಳದಿ ಏಳಲಿಲ್ಲ. ಮೇಡಂ ಒಂದು ದಾರಿ ಹೇಳಿದರು: ಇಂಥದೇ ಜೀನು ಬೇರೊಂದು ಲ್ಯಾಬಿನಲ್ಲಿ ಇದೆ, ಕೇಳಿದರೆ ಕಳಿಸುತ್ತಾರೆ, ಅದನ್ನೇ ಹಾಕಿ ಅಧ್ಯಾಯ ಮುಗಿಸಬಹುದು. ಸುಲಭದ ದಾರಿ. ನಾನಂತೂ ಒಳಗೊಳಗೇ ದೇವರಿಗೆ ಕೈಮುಗಿದೆ. ಅಕ್ಕ ಕಿಟಕಿಯ ಹೊರಗೆ ತೇಲುವ ಹತ್ತಿ ನೋಡುತ್ತಾ ನಿಂತಿದ್ದವಳು ಹೇಳಿದಳು:

"ಅದು ಆ ಮಣ್ಣಿಂದ ಅಲ್ರಿ ಮೇಡಂ."

"ಆ ಮಣ್ಣೇ ಇಲ್ಲ ಕದಾ ಈಗ."

"ಇವನು ಉಣ್ಣಿಸಿದ್ದು ಐತಲ್ರಿ. ಅದರಾಗ ಎಲ್ಲವೂ ಮರ್ತಿರಂಗಿಲ್ಲ. ಲಕ್ಷದಾಗ ಒಂದಕ್ಕಾರ ನೆನಪಿದ್ದರ ಸಾಕು. ಉಪಾಸ ಕೆಡವಿ ನೋಡ್ತೀನಿ."

"ಸಂಕ್ರಾಂತಿಗೆ ಬರದಿದ್ರೆ?"

ಅಕ್ಕ ಆಗಲೇ ಶೇಕರಿನಿಂದ ಫ್ಲಾಸ್ಕು ಇಳಿಸುತ್ತಿದ್ದಳು. ಮೇಡಂ ಈ ಸಲ 'ಕದಾ' ಅನ್ನಲಿಲ್ಲ.

ಮಜ್ಜಿಗೆಯನ್ನೆಲ್ಲ ಸೆಂಟ್ರಿಫ್ಯೂಜಿನಲ್ಲಿ ಸುತ್ತಿಸಿ ಕೋಶಗಳನ್ನು ತಳಕ್ಕಿಳಿಸಿ, ಮೇಲಿನ ಬ್ರಾತು ಚೆಲ್ಲಿ, ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಸುತ್ತಿಸಿ, ಮತ್ತೆ ತೊಳೆದೆವು. ಊಟದ ಒಂದು ಅಗುಳೂ ಅವುಗಳ ಬಾಯಿಗೆ ಅಂಟಿರಬಾರದು. ಆಮೇಲೆ ವಿಷವೊಂದೇ ಇರುವ ಪ್ಲೇಟುಗಳ ಮೇಲೆ ಹರಡಿ ಇನ್‌ಕ್ಯುಬೇಟರಿನಲ್ಲಿಟ್ಟೆವು. ನನಗೆ ಕೊಟ್ಟ ಕೆಲಸ ಲ್ಯಾಬಿನಲ್ಲೇ ಎಲ್ಲಕ್ಕಿಂತ ಕಷ್ಟದ್ದು, ಏನನ್ನೂ ಮಾಡದಿರುವುದು.

ಆ ದಿನಗಳು ಹೇಗೆ ಹೋದವೋ ಸರಿಯಾಗಿ ಹೇಳಲು ಬರುವುದಿಲ್ಲ. ಪ್ಲೇಟುಗಳು ಖಾಲಿ. ಮಿಲ್ಲಿನ ಸದ್ದು ದೂರದಲ್ಲಿ ಯಾರೋ ಗೊರಕೆ ಹೊಡೆದಂತೆ. ಕಿಟಕಿಯಾಚೆ ಆದೋನಿ ಗುಡ್ಡದ ಮೇಲಿನ ಕೋಟೆ ಮಧ್ಯಾಹ್ನದ ಝಳದಲ್ಲಿ ಅಲುಗಾಡಿ, ಸಂಜೆಯಾಗುತ್ತಲೇ ಮತ್ತೆ ಗಟ್ಟಿಯಾಗುತ್ತಿತ್ತು. ಇನ್‌ಕ್ಯುಬೇಟರಿನ ಮುಂದೆ ಕೂತು ನಾನು ಅವುಗಳ ಪರವಾಗಿ ಮಾತಾಡುತ್ತಿದ್ದೆ. ಒಂದು ಬಳಲಿದ ದನಿಯಲ್ಲಿ "ಬ್ರಾತ್ ಎಲ್ಲೈತ್ರಿ?" ಅಂತ, ಇನ್ನೊಂದು ಗದರುವ ದನಿಯಲ್ಲಿ "ಆ ಹುಡುಗನ್ನ ಕೇಳ್ರಿ, ಅಂವ ಉಣ್ಣಿಸಿ ಕೆಡಿಸ್ಯಾನ" ಅಂತ. ಅಕ್ಕ ಕೇಳಿಯೂ ಕೇಳದಂತೆ ಇರುತ್ತಿದ್ದಳು. ಕಪಾಟಿನ ಬ್ರಾತಿನ ಬಾಟಲಿಗಳು ನನ್ನನ್ನೇ ನೋಡುತ್ತಿದ್ದವು.

ಒಂದು ಮಧ್ಯಾಹ್ನ ಮೇಜಿಗೆ ತಲೆಯಿಟ್ಟವನಿಗೆ ಕನಸು. ನಮ್ಮೂರ ಮದುವೆಯ ಪಂಕ್ತಿ, ಕೊನೆಯೇ ಕಾಣದಷ್ಟು ಉದ್ದ. ನಾನು ಬಡಿಸುತ್ತಿದ್ದೇನೆ. ಕೂತವರೆಲ್ಲ ಹೆಂಗಸರು, ಉಣ್ಣಲು ಅಡ್ಡಿಯೆಂದು ಬಳೆ ಕಳಚಿ ಎಲೆಯ ಪಕ್ಕ ಇಡುತ್ತಿದ್ದಾರೆ. ಉಂಡು ಎದ್ದು ಹೋಗುತ್ತಿದ್ದಾರೆ. ಬಳೆ ಅಲ್ಲೇ. "ಬಳಿ ಬಿಟ್ರಿ, ಬಳಿ ಬಿಟ್ರಿ" ಎಂದು ನಾನು ಕೂಗಿದರೆ ಬಾಯಿಂದ ಬರುತ್ತಿರುವುದು ಬೇರೆ ಯಾರದೋ ದನಿ, ಯಾರೂ ತಿರುಗುವುದಿಲ್ಲ. ಮೇಲಿನಿಂದ ಹತ್ತಿ ಉದುರಿ ಬಳೆಗಳನ್ನೆಲ್ಲ ಮುಚ್ಚುತ್ತಿದೆ. ಪಂಕ್ತಿಯ ತುದಿಯಲ್ಲಿ ಒಬ್ಬಳು ಮಾತ್ರ ಎಲೆ ಮಗುಚಿ ಹಾಕಿ ಕೈಕಟ್ಟಿ ಕೂತಿದ್ದಾಳೆ, ಅವಳ ಬಳೆ ಕೈಯಲ್ಲೇ ಇದೆ. ಮುಖ ನೋಡಬೇಕೆಂದು ಹತ್ತಿರ ಹೋಗುವಷ್ಟರಲ್ಲಿ ಯಾರೋ ಭುಜ ತಟ್ಟಿದರು.

ಅಕ್ಕ. ಕೈಯಲ್ಲಿ ಒಂದು ಪ್ಲೇಟು. ಅಂಚಿನಲ್ಲಿ, ಗಾಜಿಗೆ ತಾಗುವಷ್ಟು ಪಕ್ಕದಲ್ಲಿ, ಸಾಸಿವೆಗಿಂತ ಸಣ್ಣ ಕಾಲೊನಿ, ಒಂದೇ ಬ್ಯಾಕ್ಟೀರಿಯಾದ ಸಂತತಿ. ಅದರ ಸುತ್ತ ಹಳದಿ ಉಂಗುರ.

"ಐತಿ" ಅಂದಳು.

ಅಲ್ಲಿಂದ ಮುಂದೆ ವಿಷದ ನೀರು ಬಿಟ್ಟರೆ ಬೇರೇನನ್ನೂ ಅದಕ್ಕೆ ಯಾರೂ ತೋರಿಸಲಿಲ್ಲ. ಮೊದಲು ಫ್ರೀಜರಿಗೆ ಟ್ಯೂಬು ಇಟ್ಟು, ಆ ಫ್ರೀಜರಿನ ಕೀಲಿಯನ್ನು ಅಕ್ಕ ತನ್ನ ಕೊರಳ ದಾರಕ್ಕೆ ಕಟ್ಟಿಕೊಂಡಳು. ಮೆಲ್ಲಗೆ ಬೆಳೆದ ಬೆಳೆಯಿಂದ ಬಳೆ ತೆಗೆದೆವು. ಕೋಶ ಒಡೆಯುವ ದ್ರಾವಣ ಹಾಕಿದ ಮೇಲೆ ಟ್ಯೂಬನ್ನು ಕುಲುಕಬಾರದು, ಮಲಗಿದ ಕೂಸನ್ನು ಮಗ್ಗುಲು ಬದಲಿಸಿದಂತೆ ಮೇಲೆ ಕೆಳಗೆ ತಿರುಗಿಸಬೇಕು, ಇಲ್ಲದಿದ್ದರೆ ಮುಖ್ಯ ಡಿಎನ್‌ಎಯೂ ಹರಿದು ಜೊತೆಗೆ ಬರುತ್ತದೆ. ಈ ಸಲ ದೀಪದ ಮೇಲೆ ಕಿತ್ತಳೆ ಗೆರೆ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಬೆರಳೆತ್ತಿದಳು. ಮುಚ್ಚಿದೆ.

ಕತ್ತರಿಸುವ ಕಿಣ್ವ ಹಾಕಿ ಆ ಬಳೆಯನ್ನು ತುಂಡು ಮಾಡಿ, ಅದೇ ಕಿಣ್ವದಿಂದ ಲ್ಯಾಬಿನ ಬಳೆಯನ್ನೂ ಸೀಳಿ, ಎರಡನ್ನೂ ಬೆಸೆಯುವ ಕಿಣ್ವದ ಜೊತೆ ತಣ್ಣಗೆ ಇಟ್ಟಳು. ಆಮೇಲೆ ಇ. ಕೋಲಿ. ಅದನ್ನು ಐಸಿನಲ್ಲಿ ಕೂರಿಸಿ, ಬೆಸೆದದ್ದನ್ನು ಸೇರಿಸಿ, ಗಳಿಗೆ ಹೊತ್ತು ಬಿಸಿನೀರಿಗೆ ಅದ್ದಿ ಮತ್ತೆ ಐಸಿಗೆ ಹಾಕಿದರೆ ಗಾಬರಿಯಲ್ಲಿ ಬಾಯಿ ತೆರೆದು ಬಳೆ ನುಂಗುತ್ತದೆ. ಹಾಕಿದ ಪ್ಲೇಟಿನಲ್ಲಿ ಒಂದು ಗುರುತಿನ ರಾಸಾಯನಿಕ ಇರುತ್ತದೆ. ಲ್ಯಾಬಿನ ಬಳೆ ಏನೂ ಸೇರಿಸಿಕೊಳ್ಳದೆ ತಾನೇ ಕೂಡಿಕೊಂಡಿದ್ದರೆ ಕಾಲೊನಿ ನೀಲಿ, ನಡುವೆ ತುಂಡು ಸೇರಿದ್ದರೆ ಬಿಳಿ.

ಬೆಳಿಗ್ಗೆ ಪ್ಲೇಟು ತೆಗೆದರೆ ಎಲ್ಲವೂ ನೀಲಿ. ಮಾಗಿಯ ಆಕಾಶವನ್ನು ತುಂಡು ಮಾಡಿ ಹಾಸಿದಂಥ ನೀಲಿ.

"ಅಲ್ಲಕ್ಕ, ನಾ ಏನಂತೀನಿ ಅಂದ್ರ, ನೋಡಾಕ ಚೆಂದ ಅದಾವ."

"ಚೆಂದ ತಗಂಡು ಸಮಿತಿಗೆ ತೋರಸ್ಲೇನು?"

ಸೀಳಿದ ಬಳೆಯ ಎರಡು ತುದಿಗಳು ಬೇರೆ ಯಾರೂ ಬರುವ ಮೊದಲೇ ತಮ್ಮಷ್ಟಕ್ಕೆ ಕೂಡಿಕೊಂಡಿದ್ದವು. ಎರಡನೆಯ ಸಲ ಅಕ್ಕ ಇನ್ನೊಂದು ಕಿಣ್ವದಿಂದ ಆ ತುದಿಗಳ ಅಂಟು ತೆಗೆದಳು. ಅಂಟುಳ್ಳ ಹೊಸ ತುಂಡು ಬಂದರೆ ಮಾತ್ರ ಬಳೆ ಮುಚ್ಚಬೇಕು. ಆಗಲೇ ಊರಲ್ಲಿ ಸಂಕ್ರಾಂತಿಯ ಎಳ್ಳಿನ ವಾಸನೆ ಶುರುವಾಗಿತ್ತು. ಈ ಸಲದ ಪ್ಲೇಟಿನಲ್ಲಿ ನೀಲಿಯ ನಡುವೆ ಅಲ್ಲಲ್ಲಿ ಬಿಳಿ ಇತ್ತು, ಕಿಟಕಿಯಿಂದ ಹತ್ತಿಯೇ ಉದುರಿ ಕೂತಂತೆ. ನಾನು ನಿಜವಾಗಿಯೂ ಊದಿ ನೋಡಲು ಹೋದೆ, ಅಕ್ಕ ಕೈ ಹಿಡಿದು ನಿಲ್ಲಿಸಿದಳು.

ಬಿಳಿಯವನ್ನು ಒಂದೊಂದಾಗಿ ಕಡ್ಡಿಯಿಂದ ಮುಟ್ಟಿ ವಿಷದ ಪ್ಲೇಟಿಗೆ ಚುಕ್ಕಿಯಿಟ್ಟೆವು. ಇ. ಕೋಲಿಗೆ ವಿಷವೊಂದನ್ನೇ ಉಂಡು ಬದುಕಲು ಬರುವುದಿಲ್ಲ, ಆದ್ದರಿಂದ ಅದರ ಪ್ಲೇಟಿನಲ್ಲಿ ಊಟವೂ ಇರಬೇಕು. ಅದನ್ನು ಅಕ್ಕನೇ ಅಳೆದು ಹಾಕಿದಳು, ನನ್ನನ್ನು ಬಾಗಿಲಾಚೆ ನಿಲ್ಲಿಸಿ. ಬಳೆ ಬಿಸಾಡದಂತೆ ಒಂದು ಔಷಧವನ್ನೂ ಸೇರಿಸಿದಳು. ಲ್ಯಾಬಿನ ಬಳೆಯಲ್ಲಿ ಆ ಔಷಧ ತಡೆಯುವ ಶಕ್ತಿ ಇರುತ್ತದೆ, ಬಿಸಾಡಿದವು ಅಲ್ಲೇ ಸಾಯುತ್ತವೆ.

ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಬಂದೆ. ಒಂದು ಚುಕ್ಕಿಯ ಸುತ್ತ ಏನೋ ಇದ್ದಂತಿತ್ತು. ಬಣ್ಣವೋ ನನ್ನ ಆಸೆಯೋ ತಿಳಿಯಲಿಲ್ಲ. ಅಗರಿಗೇ ಒಂದು ಮಾಸಲು ಹಳದಿ ಇರುತ್ತದೆ. ಕಿಟಕಿಯ ಕಟ್ಟೆಯಲ್ಲಿ ಸೇರಿದ್ದ ಹತ್ತಿಯನ್ನು ಗುಡ್ಡೆ ಮಾಡಿ, ಅದರ ಮೇಲೆ ಮುಚ್ಚಳ ತೆಗೆಯದೆ ಪ್ಲೇಟು ಇಟ್ಟು ನೋಡಿದೆ. ಪಕ್ಕದಲ್ಲಿ ಜೀನು ಸೇರದ ಖಾಲಿ ಬಳೆಯ ಇ. ಕೋಲಿಯ ಪ್ಲೇಟು. ಅದು ಬೆಳ್ಳಗೆ, ಇದು ಹೊಲದಲ್ಲಿ ಈಗಷ್ಟೇ ಕಣ್ಣುಬಿಟ್ಟ ಹೂವಿನ ಹಾಗೆ. ಮೇಡಂಗೆ ಫೋನು ಮಾಡಿದೆ.

"ಮೇಡಂ, ಹಳದಿ ಬಂದೈತ್ರಿ."

"ಯಾರ ದನಿ ಇದು? ನಿಮ್ಮಕ್ಕನಿಗೆ ಫೋನ್ ಕೊಡು. ನಿನ್ನ ಮಾತು ನಂಬೋ ಹಾಗಿಲ್ಲ ಕದಾ."

ಸಮಿತಿ ಬಂತು. ಹಿರಿಯ ಪರೀಕ್ಷಕರು ಪ್ಲೇಟನ್ನು ತಿರುವಿ ತಿರುವಿ ನೋಡಿ, ಮಣ್ಣಿನ ಬ್ಯಾಕ್ಟೀರಿಯಾವೇ ಎಲ್ಲಿಂದಲೋ ಬಂದು ಇದರೊಳಗೆ ಸೇರಿಲ್ಲ ಎಂದು ಹೇಗೆ ನಂಬುವುದು ಎಂದು ಕೇಳಿದರು. ನಾನು ಕಪಾಟಿನ ಮರೆಗೆ ಸರಿದೆ. ಈ ಲ್ಯಾಬಿನಲ್ಲಿ ಎಲ್ಲಿಂದಲೋ ಬಂದು ಸೇರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಕ್ಕ ಏರಿಳಿತವಿಲ್ಲದ ಅದೇ ದನಿಯಲ್ಲಿ, ಹಳದಿಯಾದ ಕಾಲೊನಿಯಿಂದ ಬಳೆಯನ್ನಷ್ಟೇ ತೆಗೆದು, ಅದನ್ನು ಹೊಸ ಇ. ಕೋಲಿಗೆ ತೊಡಿಸಿ ನೋಡಿದ್ದನ್ನು ಹೇಳಿ, ಇನ್ನೊಂದು ಪ್ಲೇಟು ಮುಂದಿಟ್ಟಳು. ಅದರಲ್ಲಿ ಇಟ್ಟ ಚುಕ್ಕಿಗಳೆಲ್ಲ ಹಳದಿ. ಪರೀಕ್ಷಕರು ಕನ್ನಡಕ ತೆಗೆದು "ಬರೆದು ಮುಗಿಸಮ್ಮ" ಅಂದರು. ಮೇಡಂ ಹೊರಗೆ ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡರು, ಹತ್ತಿ ಎಳೆ ಒಳಗೆ ಹೋಯಿತು ಕದಾ ಎಂದು.

ದೊಡ್ಡಮ್ಮನಿಗೆ ಸುದ್ದಿ ಹೇಳಿದರೆ, "ನನ್ನ ಹೊಲದ್ದಲ್ಲೇನು, ನನಗೊಂದು ಬಾಟ್ಲಿ ಕೊಡ್ರಿ, ತೊಟ್ಟಿ ಹತ್ರ ಹಾಕ್ತೀನಿ" ಅಂದಳು. ಹೀಗೆ ಬಳೆ ಬದಲಿಸಿದ್ದನ್ನು ಲ್ಯಾಬಿನ ಬಾಗಿಲು ದಾಟಿಸುವಂತಿಲ್ಲ ಎಂದು ಅಕ್ಕ ಫೋನಿನಲ್ಲೇ ತಿಳಿಸಿ ಹೇಳಿದಳು. ಆಮೇಲೆ, ಹೊಸ ಬಳೆಗೆ ಹೆಸರಿಡುವ ಪದ್ಧತಿ ಇದೆ, ನಿಮ್ಮ ಹೊಲದ ಹೆಸರು ಇಡುತ್ತೇನೆ ಅಂದಳು. "ಓಣ್ಯಾಗ ಹೇಳಬೋದೇನವ್ವ?" ಎಂದು ದೊಡ್ಡಮ್ಮ ಕೇಳಿದಳು.

ಪ್ಲಾಸ್ಮಿಡ್ಡಿನ ಹೆಸರು 'ಪಿ' ಎಂಬ ಸಣ್ಣ ಅಕ್ಷರದಿಂದ ಶುರುವಾಗುತ್ತದೆ, ಆಮೇಲೆ ಮಾಡಿದವರದೋ ಊರಿನದೋ ಮೊದಲಕ್ಷರಗಳು ಬರುತ್ತವೆ. ಅಕ್ಕ ಟ್ಯೂಬಿನ ಮುಚ್ಚಳದ ಮೇಲೆ ಮಾರ್ಕರಿನಿಂದ ಆ 'ಪಿ' ಬರೆದು, ಪೆದ್ದಹರಿವಾಣಂ ಹೊಲದ ಗುರುತಿಗೆ ಎರಡು ಅಕ್ಷರ ಬರೆದಳು. ಇನ್ನೂ ಜಾಗ ಉಳಿದಿತ್ತು.

ನನಗೆ ಆಸೆಯಾಯಿತು. ಮೊದಲು ಮೇಡಂ ದನಿಯಲ್ಲಿ ಕೇಳಿದೆ: "ಹುಡುಗನ ಅಕ್ಷರ ಒಂದು ಹಾಕಬಹುದು ಕದಾ." ಆಮೇಲೆ ಪರೀಕ್ಷಕರ ದನಿಯಲ್ಲಿ, ಆಮೇಲೆ ದೊಡ್ಡಮ್ಮನ ದನಿಯಲ್ಲಿ. ಕೊನೆಗೆ ನನ್ನದೇ ಎಂದುಕೊಂಡ ದನಿಯಲ್ಲಿ, ತುದಿಯಲ್ಲಿ ಸಣ್ಣದಾಗಿ ಒಂದೇ ಒಂದು ಅಕ್ಷರ ಸಾಕು ಎಂದೆ.

ಅಕ್ಕ ಮಾರ್ಕರಿನ ಟೋಪಿ ಮುಚ್ಚಿದಳು. ತಲೆ ಒಂದು ಕಡೆ ವಾಲಿಸಿ, ನಾಲಗೆ ಲೊಟ್ಟೆ ಹೊಡೆದು, ಮಾತಿನ ಕೊನೆಯನ್ನು ಎಳೆದು, ಅವತ್ತಿನವರೆಗೆ ನಾನು ಎಲ್ಲೂ ಕೇಳಿರದ, ಕೇಳಿದ ಕೂಡಲೇ ಇದು ನಾನೇ ಎಂದು ಗೊತ್ತಾದ ದನಿಯಲ್ಲಿ ಹೇಳಿದಳು:

"ಅಲ್ಲಕ್ಕ, ನಾ ಏನಂತೀನಿ ಅಂದ್ರ, ನನ್ನ ಅಕ್ಷರ ಹಾಕಬ್ಯಾಡ, ಹೊಟ್ಟಿ ತುಂಬಿದ ಕೂಡ್ಲೇ ನಾ ಕಲ್ತಿದ್ದೆಲ್ಲ ಮರ್ತುಬಿಡ್ತೀನಿ."